ವಾರಕ್ಕೆ ಮೂರು ಸಲ ಡಯಾಲಿಸಿಸ್: ಅಪ್ಪನನ್ನು ತುಮಕೂರಿನಿಂದ ಬೆಂಗಳೂರಿಗೆ ಕಡಿಮೆ ಖರ್ಚಿನಲ್ಲಿ ಕರೆದೊಯ್ಯುವುದು ಹೇಗೆ?

ಕಲ್ಪತರು_ನಾಡು:
ಅಪ್ಪನಿಗೆ 68. ಜಯನಗರದಲ್ಲಿ ಡಯಾಲಿಸಿಸ್. ಪ್ರತಿ ಸಲ ಬಾಡಿಗೆ ಕಾರು ಅಂದ್ರೆ ಪೂರೈಸಲ್ಲ. ನಡೀತಾರೆ, ಮೆಟ್ಟಿಲು ಮಾತ್ರ ಕಷ್ಟ. ಜೊತೆಗೆ ಅಮ್ಮ ಇರ್ತಾರೆ. ಬಸ್ಸೋ ರೈಲೋ? 108ಕ್ಕೆ ಕರೆದ್ರೆ ಬರ್ತಾರಾ?

ಹಳಿ_ಪಕ್ಕ:
ಹೋಗುವಾಗ ರೈಲು. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿತು, ಆದರೆ ರೋಗಿಗಳದ್ದು ಈಗಲೂ ಇದೆ. ಡಯಾಲಿಸಿಸ್‌ಗೆ ಹೋಗುವವರಿಗೂ ಜೊತೆಗಿರುವ ಒಬ್ಬರಿಗೂ ಸೆಕೆಂಡ್ ಕ್ಲಾಸ್ ಮೂಲ ದರದಲ್ಲಿ 75% ಕಡಿತ. ಎಡವುವುದು ಕಾಗದದಲ್ಲಿ: ಡಾಕ್ಟರು ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಚೀಟಿ ನಡೆಯಲ್ಲ. ರೈಲ್ವೆಯದೇ ನಮೂನೆ ಬೇಕು, ಅದರಲ್ಲಿ ಎಲ್ಲಿಂದ ಎಲ್ಲಿಗೆ ಅಂತ ತುಂಬಿ, ಸಹಿ, ಮೊಹರು ಹಾಕಿಸಿ. ಟಿಕೆಟ್ ಕೌಂಟರಿನಲ್ಲೇ ತಗೋಬೇಕು, ಮೊಬೈಲಿನಲ್ಲಿ ಈ ರಿಯಾಯಿತಿ ಸಿಗಲ್ಲ.

ಯಶವಂತಪುರದಲ್ಲಿ ಇಳಿದರೆ ಪಕ್ಕದಲ್ಲೇ ಮೆಟ್ರೋ, ಹಸಿರು ಮಾರ್ಗದಲ್ಲಿ ನೇರ ಜಯನಗರ. ಲಿಫ್ಟ್ ಇದೆ. ಗೇಟಿನ ಹತ್ತಿರದ ಸಿಬ್ಬಂದಿಯನ್ನು ಕೇಳಿದರೆ ವೀಲ್‌ಚೇರ್ ತರಿಸುತ್ತಾರೆ.

ವೇಗದೂತ:
ವಾಪಸ್ ಬರೋಕೆ ರೈಲು ನೆಚ್ಚಿಕೊಳ್ಳಬೇಡಿ. ಡಯಾಲಿಸಿಸ್ ನಾಲ್ಕು ಗಂಟೆ ಅಂದರೂ ಸೂಜಿ ತೆಗೆದು, ರಕ್ತ ನಿಂತು, ಬಿಪಿ ಸರಿಹೋಗುವಷ್ಟರಲ್ಲಿ ಐದಾಗುತ್ತೆ. ಬಸ್ಸಾದರೆ ಒಂದು ತಪ್ಪಿದರೆ ಇನ್ನೊಂದು.

ಕೆಎಸ್‌ಆರ್‌ಟಿಸಿಯಲ್ಲಿ 60 ದಾಟಿದ ರಾಜ್ಯದವರಿಗೆ 25% ರಿಯಾಯಿತಿ, ಆಧಾರ್ ಜೊತೆಗಿರಲಿ. ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಉಚಿತ, ಆದರೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಮಾತ್ರ. ರಾಜಹಂಸ ಹತ್ತಿದರೆ ಪೂರ್ತಿ ಚಾರ್ಜು. ಶೂನ್ಯ ಟಿಕೆಟ್ ಕೇಳಿ ಪಡೆಯಲೇಬೇಕು.

ಮೆಟ್ರೋ ಮಾದಾವರದವರೆಗೂ ಇದೆಯಲ್ಲ, ಅಲ್ಲೇ ಬಸ್ ಹಿಡಿಯೋಣ ಅಂತ ಅನಿಸುತ್ತೆ. ಬೇಡ. ಅಷ್ಟೊತ್ತಿಗೆ ಬಸ್ ತುಂಬಿರುತ್ತೆ, ಡಯಾಲಿಸಿಸ್ ಆದವರು ನಿಂತು ಬರುವಂತಿಲ್ಲ. ಮೆಜೆಸ್ಟಿಕ್ಕಿಗೆ ಹೋಗಿ, ಬಸ್ ಹೊರಡುವ ಕಡೆ ಹತ್ತಿದರೆ ಸೀಟು ಖಾತ್ರಿ.

ಕಲ್ಪತರು_ನಾಡು:
ಜಯನಗರ ಮೆಟ್ರೋ ಸ್ಟೇಷನ್ನಿಂದ ಆಸ್ಪತ್ರೆಗೆ ಎರಡೂವರೆ ಕಿಲೋಮೀಟರ್. ಆಟೋದವರು 100 ಕೇಳ್ತಾರೆ.

ಮೂರನೇ_ಪಾಳಿ:
ಮೀಟರ್ ಪ್ರಕಾರ 50 ರೂಪಾಯಿಯೂ ಆಗಲ್ಲ. 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು.

108 ತುರ್ತಿಗೆ ಮಾತ್ರ, ದಿನಚರಿಯ ಡಯಾಲಿಸಿಸ್‌ಗೆ ಕಳಿಸಲ್ಲ.

ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚೋಕೆ ರಕ್ತನಾಳ ಜೋಡಿಸಿದ ಜಾಗ) ಇರುವ ಕೈಯಲ್ಲಿ ಬಸ್ಸಿನ ಕಂಬಿ ಹಿಡಿದು ಜೋತಾಡಬಾರದು, ಬ್ಯಾಗೂ ನೇತುಹಾಕಬಾರದು. ದಾರಿಯಲ್ಲಿ ರಕ್ತ ಒಸರಿದರೆ ಹತ್ತಿಬಟ್ಟೆ ಇಟ್ಟು ಬೆರಳಿನಲ್ಲಿ ಒತ್ತಿ ಹಿಡಿಯಿರಿ, ಬಿಗಿಯಾಗಿ ಸುತ್ತಿ ಕಟ್ಟಬೇಡಿ. ನಿಲ್ಲದಿದ್ದರೆ ಆಗ 108.

ಇನ್ನೊಂದು, ಇದನ್ನು ಮೊದಲೇ ಹೇಳಬೇಕಿತ್ತು: ತುಮಕೂರು ಜಿಲ್ಲಾಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ವಿಚಾರಿಸಿದ್ದೀರಾ? ಬಿಪಿಎಲ್ ಕಾರ್ಡ್ ಇದ್ದರೆ ಉಚಿತ. ಸರದಿ ಪಟ್ಟಿಯಲ್ಲಿ ಹೆಸರು ಬರೆಸಿ. ಈಗಿನ ಡಾಕ್ಟರಿಂದ ಚಿಕಿತ್ಸೆಯ ಸಾರಾಂಶ, ಹೊಸದಾಗಿ ಮಾಡಿಸಿದ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ವರದಿ ತಗೊಂಡು ಹೋಗಿ. ಆ ವರದಿ ಇಲ್ಲದೆ ಯಂತ್ರಕ್ಕೆ ಹಾಕಲ್ಲ.