‘ಅಳವಡಿಸಿ’ ಒಂದೇ ಸಾಕಾ? ಹೆಡ್‌ಲ್ಯಾಂಪ್ ಜೋಡಣೆಯ ಕ್ರಿಯಾಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಕಾರಿನ ಹೆಡ್‌ಲ್ಯಾಂಪ್ ಜೋಡಿಸುವ ಲೈನಿಗೆ ಹೊಸದಾಗಿ ಸೇರುವ ಐಟಿಐ ಹುಡುಗ ಹುಡುಗಿಯರಿಗಾಗಿ ಕನ್ನಡದಲ್ಲಿ ಕೆಲಸದ ಕಾರ್ಡು ಬರೆಯುತ್ತಿದ್ದೇನೆ. ಒಂದೊಂದು ಮೇಜಿನ ಎದುರು ಒಂದೊಂದು ಕಾರ್ಡು ತೂಗು ಹಾಕುತ್ತಾರೆ. ಚಿತ್ರ ದೊಡ್ಡದು, ಮಾತು ನಾಲ್ಕೇ ಸಾಲು. ಈಗಿರುವ ಕಾರ್ಡುಗಳಲ್ಲಿ ಎಲ್ಲದಕ್ಕೂ ಒಂದೇ ಕ್ರಿಯಾಪದ. ಬಲ್ಬ್ ಅಳವಡಿಸಿ, ರಿಫ್ಲೆಕ್ಟರ್ ಅಳವಡಿಸಿ, ಲೆನ್ಸ್ ಅಳವಡಿಸಿ, ಲ್ಯಾಂಪನ್ನು ಕಾರಿನ ಬಾಡಿಯಲ್ಲಿ ಅಳವಡಿಸಿ. ಒತ್ತಬೇಕೋ, ತಿರುಗಿಸಬೇಕೋ, ಅಂಟಿಸಬೇಕೋ? ಓದಿದವರಿಗೆ ತಿಳಿಯುವುದಿಲ್ಲ. ‘ಒಳ್ಳೆಯ ಅಭ್ಯಾಸಗಳನ್ನು ಅಳವಡಿಸಿಕೊಳ್ಳಿ’ ಅನ್ನುವಾಗ ಈ ಪದ ಚೆನ್ನಾಗಿಯೇ ಹೊಂದುತ್ತದೆ. ಕೈಯಲ್ಲಿ ಒಂದು ಭಾಗ ಹಿಡಿದು ನಿಂತವರಿಗೆ ಮಾತ್ರ ಅದು ಏನನ್ನೂ ಹೇಳುವುದಿಲ್ಲ.

ಲೈನಿನಲ್ಲಿ ಜನ ಮಾತಾಡುವ ಕನ್ನಡವೇ ಬೇರೆ. ಕೂರಿಸು, ಸಿಕ್ಕಿಸು, ಕಚ್ಚಿಸು, ಅದುಮು, ಬಿಗಿ. ಒಂದೊಂದಕ್ಕೂ ಒಂದೊಂದು ಕೆಲಸ. ಇವನ್ನೇ ಕಾರ್ಡಿಗೆ ತರಬೇಕು ಅನ್ನುವುದು ನನ್ನ ವಾದ. ಕೆಲವು ಕಡೆ ನನಗೆ ಸರಿಯಾದ ಪದ ಸಿಕ್ಕಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ಬಲ್ಬ್. ಎಚ್4 ಬಲ್ಬ್ ಎಲ್ಲರೂ ನೋಡಿರುತ್ತೀರಿ. 60/55 ವ್ಯಾಟಿನದು, ಒಂದೇ ಗಾಜಿನೊಳಗೆ ಬೆಳಗುವ ಎರಡು ತಂತಿ (ಫಿಲಮೆಂಟ್). ಅದರ ಲೋಹದ ಬಿಲ್ಲೆಗೆ ಮೂರು ಕಿವಿಗಳಿರುತ್ತವೆ. ಅದರಲ್ಲಿ ಒಂದು ಕಿವಿ ಉಳಿದೆರಡಕ್ಕಿಂತ ಅಗಲ. ರಿಫ್ಲೆಕ್ಟರಿನ (ಬೆಳಕನ್ನು ಮುಂದಕ್ಕೆ ಎಸೆಯುವ ಹೊಳೆಯುವ ಭಾಗ) ಹಿಂದಿನ ತೂತಿನಲ್ಲೂ ಅದಕ್ಕೆ ಸರಿಯಾಗಿ ಮೂರು ಕಚ್ಚು. ಹಾಗಾಗಿ ಬಲ್ಬ್ ಒಂದೇ ರೀತಿಯಲ್ಲಿ ಒಳಗೆ ಹೋಗುತ್ತದೆ. ಹೋದ ಮೇಲೆ ಬಿಲ್ಲೆ ಸುತ್ತಲೂ ಸಮನಾಗಿ ಒರಗಬೇಕು, ಆಮೇಲೆ ತಂತಿಯ ಕ್ಲಿಪ್ ಅದನ್ನು ಒತ್ತಿ ಹಿಡಿಯುತ್ತದೆ. ಇಷ್ಟಕ್ಕೆಲ್ಲ ಹುಡುಗರು ಹೇಳುವುದು ಒಂದೇ ಮಾತು: ‘ಬಲ್ಬ್ ಕೂತಿದೆ’ ಅಥವಾ ‘ಕೂತಿಲ್ಲ’. ಗಣಪತಿ ಕೂರಿಸುತ್ತೇವೆ, ದಸರಾಕ್ಕೆ ಗೊಂಬೆ ಕೂರಿಸುತ್ತೇವೆ, ಉಂಗುರಕ್ಕೆ ಹರಳು ಕೂರಿಸುತ್ತೇವೆ. ತನ್ನದೇ ಆದ ಜಾಗದಲ್ಲಿ ಅಲುಗದ ಹಾಗೆ ಇಡುವುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪದ ನನಗೆ ಕಾಣುವುದಿಲ್ಲ. ಕಾರ್ಡಿನಲ್ಲಿ ‘ಅಗಲದ ಕಿವಿ ಅಗಲದ ಕಚ್ಚಿಗೆ ಬರುವಂತೆ ಬಲ್ಬ್ ಕೂರಿಸಿ’ ಅಂತ ಬರೆದಿದ್ದೇನೆ. ಬಿಲ್ಲೆ ಒಂದು ಕಡೆ ಸ್ವಲ್ಪ ಎದ್ದಿದ್ದರೂ ಒಳಗಿನ ತಂತಿ ಜಾಗ ತಪ್ಪುತ್ತದೆ. ಆಗ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ರಾತ್ರಿ ಹೆದ್ದಾರಿಯಲ್ಲಿ ಗಾಡಿ ಓಡಿಸಿದವರಿಗೆ ಅದರ ಕಷ್ಟ ಗೊತ್ತು. ಒಂದು ಕ್ರಿಯಾಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರುವುದು ಇದಕ್ಕೇ.

ಇಲ್ಲೊಂದು ಚಿಕ್ಕ ಪ್ರಶ್ನೆ. ಮೈಸೂರು ಕಡೆಯವರಿಗೆ ‘ಕೂರಿಸು’, ಹುಬ್ಬಳ್ಳಿ ಧಾರವಾಡದ ಕಡೆ ‘ಕುಂದ್ರಿಸು’. ಲೈನಿನಲ್ಲಿ ಎರಡೂ ಕಡೆಯವರಿದ್ದಾರೆ. ಕಾರ್ಡಿನಲ್ಲಿ ‘ಕೂರಿಸಿ’ ಅಂತ ಇದ್ದರೆ ಉತ್ತರದವರಿಗೆ ಪರಕೀಯ ಅನ್ನಿಸುತ್ತದಾ?

ಲೆನ್ಸ್ ಕಥೆ ಬೇರೆ. ಲೆನ್ಸ್ ಅಂದರೆ ಲ್ಯಾಂಪಿನ ಮುಂದಿನ ಪಾರದರ್ಶಕ ಮುಚ್ಚಳ. ಈಗಿನ ಲೆನ್ಸ್ ಪಾಲಿಕಾರ್ಬೊನೇಟಿನದು, ಅದರ ಹಿಂಬದಿಯ ಡಬ್ಬಿ ಸಾಮಾನ್ಯವಾಗಿ ಪಾಲಿಪ್ರೊಪಿಲೀನಿನದು. ಡಬ್ಬಿಯ ಅಂಚಿನ ಸುತ್ತ ಒಂದು ಕಾಲುವೆ ಇರುತ್ತದೆ. ಅದರಲ್ಲಿ ಬಿಸಿ ಅಂಟು ಸುರಿದು ಲೆನ್ಸಿನ ಏಣನ್ನು ಅದಕ್ಕೆ ಅದುಮುತ್ತಾರೆ. ಆಮೇಲೆ ಗಾಳಿಯ ಒತ್ತಡ ಕೊಟ್ಟು ಸೋರಿಕೆ ನೋಡುತ್ತಾರೆ. ‘ಅಂಟಿಸಿ’ ಅಂದರೆ ಹೊಸಬರು ಸುಮ್ನೆ ಮೇಲೆ ಇಟ್ಟುಬಿಡುತ್ತಾರೆ. ‘ಅದುಮಿ’ ಅಂದರೆ ಕೈಗೆ ಬಲ ಬರುತ್ತದೆ. ಈ ಪದದ ಬಗ್ಗೆ ನನಗೆ ಅನುಮಾನವಿಲ್ಲ. ಡಬ್ಬಿ ಬಿಸಿಯಾಗಿ ತಣ್ಣಗಾಗುವಾಗ ಒಳಗಿನ ಗಾಳಿ ಹೋಗಿ ಬರಲು ಪೊರೆ ಹಾಕಿದ ಒಂದು ತೂತು ಬಿಟ್ಟಿರುತ್ತಾರೆ. ಅದನ್ನು ‘ಉಸಿರುಗಂಡಿ’ ಅಂತ ಕರೆದಿದ್ದೇನೆ. ಅಲ್ಲಿ ಅಂಟು ಬಿದ್ದರೆ ಲೆನ್ಸಿನೊಳಗೆ ಮಂಜು ಕಟ್ಟುತ್ತದೆ.

ಪ್ಲಾಸ್ಟಿಕ್ ಕೊಕ್ಕೆ ಬಾಗಿ ಟಕ್ ಅಂತ ಹಿಡಿದುಕೊಳ್ಳುವ ಜೋಡಣೆಗೆ ‘ಕಚ್ಚಿಸಿ’ ಅಂತ ಇಟ್ಟುಕೊಂಡಿದ್ದೇನೆ. ‘ಟಕ್ ಅಂತ ಸದ್ದು ಬರುವವರೆಗೆ ಒತ್ತಿ ಕಚ್ಚಿಸಿ’. ಗೇರ್ ಕಚ್ಚಿಕೊಂಡಿತು ಅನ್ನುತ್ತೇವಲ್ಲ, ಹಾಗೆ. ಅಭ್ಯಂತರ ಇದ್ದರೆ ತಿಳಿಸಿ.

ನಿಜವಾದ ತೊಡಕು ಶುರುವಾಗುವುದು ಲ್ಯಾಂಪನ್ನು ಕಾರಿನ ಮೈಗೆ ಕಟ್ಟುವಾಗ. ಅಲ್ಲಿ ಗೂಟದ ಕೆಲಸ ಬೇರೆ, ತಿರುಪಿನ ಕೆಲಸ ಬೇರೆ. ಗೂಟ ಜಾಗ ತೋರಿಸುತ್ತದೆ, ತಿರುಪು ಹಿಡಿದು ನಿಲ್ಲಿಸುತ್ತದೆ. ಎರಡು ಗೂಟಗಳಿದ್ದರೆ ಒಂದಕ್ಕೆ ಗುಂಡು ತೂತು, ಇನ್ನೊಂದಕ್ಕೆ ಉದ್ದ ತೂತು ಕೊಡುತ್ತಾರೆ. ಎರಡೂ ಗುಂಡಾಗಿದ್ದರೆ ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸ ಬಂದರೂ ಲ್ಯಾಂಪ್ ಹೋಗುವುದಿಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗಿದಾಗಲೂ ಅದಕ್ಕೆ ಸರಿಯಲು ಜಾಗ ಬೇಕು. ಗುಂಡು ತೂತು ಮೇಲೆ ಕೆಳಗೆ, ಆಚೆ ಈಚೆ ಎರಡನ್ನೂ ತಡೆಯುತ್ತದೆ. ಉದ್ದ ತೂತು ಒಂದು ದಿಕ್ಕನ್ನು ಮಾತ್ರ. ಈ ಗೂಟಕ್ಕೆ ‘ನೆಲೆಗೂಟ’ ಅಂದರೆ ಹೇಗೆ? ‘ನೆಲೆ’ಯಲ್ಲಿ ಜಾಗ ಅನ್ನುವುದೂ ಇದೆ, ಖಚಿತ ಅನ್ನುವುದೂ ಇದೆ.

ಕ್ರಮವೂ ಮುಖ್ಯ. ಮೊದಲು ನೆಲೆಗೂಟಕ್ಕೆ ಸಿಕ್ಕಿಸಬೇಕು. ಆಮೇಲೆ ಎಲ್ಲ ತಿರುಪುಗಳನ್ನೂ ಕೈಯಲ್ಲೇ ಹಿಡಿಸಬೇಕು. ಲ್ಯಾಂಪಿಗೂ ಬಾನೆಟ್, ಬಂಪರುಗಳಿಗೂ ನಡುವಿನ ಸಂದು ಎರಡೂ ಕಡೆ ಒಂದೇ ಸಮ ಇದೆಯಾ ಅಂತ ನೋಡಿ ಕೊನೆಗೆ ಗನ್ನಿನಿಂದ ಬಿಗಿಯಬೇಕು. ಕೈಯಲ್ಲಿ ಹಿಡಿಸುವ ಹಂತಕ್ಕೆ ‘ಕೈಬಿಗಿ’, ಕೊನೆಯದಕ್ಕೆ ‘ಪೂರ್ತಿ ಬಿಗಿ’ ಅಂತ ಬರೆದಿದ್ದೇನೆ. ತಿರುಪು ಕಚ್ಚುವ ಪ್ಲಾಸ್ಟಿಕ್ ಕೊಳವೆಗೆ ಡ್ರಾಯಿಂಗಿನಲ್ಲಿ ‘ಬಾಸ್’ ಅಂತ ಇರುತ್ತದೆ. ಅದರ ಹೊರಗಿನ ಅಗಲ ತಿರುಪಿನ ಎರಡರಷ್ಟು ಅಥವಾ ಸ್ವಲ್ಪ ಜಾಸ್ತಿ ಇರುತ್ತದೆ. ತೀರಾ ತೆಳುವಾದರೆ ಬಿಗಿಯುವಾಗ ಸೀಳುತ್ತದೆ, ತೀರಾ ದಪ್ಪವಾದರೆ ಹೊರಗಿನ ಮೈಯಲ್ಲಿ ಕುಳಿ ಬೀಳುತ್ತದೆ. ‘ಬಾಸ್ ಸೀಳದಂತೆ ನೋಡಿಕೊಳ್ಳಿ’ ಅಂತ ಕಾರ್ಡಿನಲ್ಲಿ ಬರೆಯುವ ಹಾಗಿಲ್ಲ, ಅಲ್ವಾ. ‘ತಿರುಪುಗೂಡು’ ಅಂತ ಹೊಳೆದಿದೆ. ಬಡಗಿಗಳಲ್ಲೋ ಎರಕದ ಕೆಲಸದವರಲ್ಲೋ ಇದಕ್ಕೆ ಹಳೆಯ ಪದ ಇದ್ದರೆ ಅದೇ ನನಗೆ ಬೇಕು.

ಈಗ ನನ್ನನ್ನು ಹೆಚ್ಚು ಕಾಡುತ್ತಿರುವ ಎರಡು ವಿಷಯ.

ಒಂದು, ‘ಫೋಕಸ್’. ಗ್ಯಾರೇಜಿನಲ್ಲಿ ‘ಲೈಟ್ ಫೋಕಸ್ ಸರಿ ಮಾಡು’ ಅಂದರೆ ಬೆಳಕು ಬೀಳುವ ದಿಕ್ಕನ್ನು ಸರಿಮಾಡು ಅಂತ. ಡಿಸೈನ್ ಮಾಡುವವರ ‘ಫೋಕಸ್’ ರಿಫ್ಲೆಕ್ಟರಿನೊಳಗಿನ ಒಂದು ಬಿಂದು. ಎಚ್4ನಲ್ಲಿ ಹೈ ಬೀಮಿನ ತಂತಿ ಆ ಬಿಂದುವಿನ ಹತ್ತಿರ ಇರುತ್ತದೆ. ಲೋ ಬೀಮಿನ ತಂತಿ ಅದಕ್ಕಿಂತ ಮುಂದೆ, ಆ ತಂತಿಯ ಕೆಳಗಡೆ ಒಂದು ಚಿಕ್ಕ ಲೋಹದ ತಟ್ಟೆಯ ಮರೆ. ಎರಡಕ್ಕೂ ಒಂದೇ ಪದ ಹಾಕಿದರೆ ದಿಕ್ಕು ಸರಿಮಾಡುವ ತಿರುಪು ತಿರುಗಿಸಬೇಕಾದವರು ಬಲ್ಬಿಗೆ ಕೈ ಹಾಕುತ್ತಾರೆ. ಬಿಂದುವಿಗೆ ನಮ್ಮ ಶಾಲೆಯ ಪುಸ್ತಕದ ‘ಸಂಗಮ’ ಇದೆ. ಹತ್ತನೇ ತರಗತಿ ಓದಿದವರಿಗೆಲ್ಲ ಪರಿಚಯ. ದಿಕ್ಕಿಗೆ ‘ಗುರಿ’ ಸಾಕಾ? ‘10 ಮೀಟರ್ ದೂರದ ಗೋಡೆಯಲ್ಲಿ ಬೆಳಕಿನ ಅಂಚು ಲ್ಯಾಂಪಿನ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬರುವಂತೆ ಗುರಿ ಹಿಡಿಸಿ’. ಲ್ಯಾಂಪಿನ ಗುರುತಿನಲ್ಲಿ 1% ಅಂತ ಇದ್ದರೆ ಅದರ ಅರ್ಥ ಇದೇ. ‘ಬೆಳಕಿನ ಅಂಚು’ ಅಂದಿರುವುದು ಲೋ ಬೀಮಿನ ಮೇಲ್ಗಡೆಯ ಗೆರೆಗೆ. ಎಡಗಡೆ ಓಡಿಸುವ ನಮ್ಮ ದೇಶದಲ್ಲಿ ಅದು ಬಲಕ್ಕೆ ಮಟ್ಟಸವಾಗಿ, ಎಡಕ್ಕೆ ಏರಿಕೊಂಡು ಹೋಗುತ್ತದೆ. ಎಡಕ್ಕೆ ಏರುವುದರಿಂದ ರಸ್ತೆ ಬದಿಯಲ್ಲಿ ನಡೆಯುವವರು ಮುಂಚೆಯೇ ಕಾಣುತ್ತಾರೆ.

ಇನ್ನೊಂದು, ರಿಫ್ಲೆಕ್ಟರ್ ನಿಲ್ಲುವ ರೀತಿ. ಅದು ಡಬ್ಬಿಯೊಳಗೆ ಸಾಮಾನ್ಯವಾಗಿ ಮೂರು ಕಡೆ ನಿಂತಿರುತ್ತದೆ. ಒಂದು ಕಡೆ ಬಟ್ಟಲಿನೊಳಗೆ ಗುಂಡು, ಅದು ಜಾಗ ಬಿಡದೆ ತಿರುಗುತ್ತದೆ. ಉಳಿದೆರಡು ಕಡೆ ಉದ್ದನೆಯ ತಿರುಪು. ಒಂದನ್ನು ತಿರುಗಿಸಿದರೆ ಬೆಳಕು ಮೇಲೆ ಕೆಳಗೆ ಹೋಗುತ್ತದೆ, ಇನ್ನೊಂದನ್ನು ತಿರುಗಿಸಿದರೆ ಎಡಕ್ಕೆ ಬಲಕ್ಕೆ. ಅಂದರೆ ರಿಫ್ಲೆಕ್ಟರ್ ಸಡಿಲವಾಗಿಯೂ ಇರಬಾರದು, ಕಟ್ಟಿ ಹಾಕಿದ ಹಾಗೂ ಇರಬಾರದು. ‘ಕೂರಿಸಿ’ ಅಂದರೆ ಅಲುಗಬಾರದು ಅನ್ನಿಸುತ್ತದೆ. ‘ಕೀಲಿಸಿ’ ಅನ್ನೋಣವೆಂದರೆ ಆ ಪದ ‘ನೋಟ ಕೀಲಿಸು’ ಅನ್ನುವಲ್ಲಿ ಅಲುಗದೆ ನಿಲ್ಲಿಸುವ ಅರ್ಥಕ್ಕೇ ಹೋಗಿದೆ. ಸದ್ಯಕ್ಕೆ ‘ಗುಂಡನ್ನು ಬಟ್ಟಲಿಗೆ ಒತ್ತಿ, ರಿಫ್ಲೆಕ್ಟರನ್ನು ಕೀಲಿಗೆ ಹಾಕಿ’ ಅಂತ ಬರೆದಿದ್ದೇನೆ. ‘ಹಾಕಿ’ ನನಗೆ ಸಮಾಧಾನ ಕೊಟ್ಟಿಲ್ಲ.

ಭದ್ರವಾಗಿ ಹಿಡಿದಿರಬೇಕು, ಆದರೆ ಬೇಕಾದಾಗ ಹೊರಳಬೇಕು. ಇಂಥ ಜೋಡಣೆಗೆ ನಿಮ್ಮ ಕಡೆ ಏನನ್ನುತ್ತಾರೆ? ಗಾಡಿ, ನೇಗಿಲು, ಮಗ್ಗ, ಗಾಣ, ಯಾವುದರ ಕೆಲಸದ ಮಾತಾದರೂ ಸರಿ. ಪದದ ಜೊತೆ ಊರಿನ ಹೆಸರು, ಅದನ್ನು ಬಳಸುವ ಒಂದು ವಾಕ್ಯ ಬರೆದು ಕಳಿಸಿದರೆ ದೊಡ್ಡ ಉಪಕಾರ.