ಸಹಾಯ ಬೇಕು: .22 ರೈಫಲ್‌ನಲ್ಲಿ 60 ಗ್ರೇನ್ ಗುಂಡು ಅಡ್ಡ ಬೀಳುತ್ತಿದೆ

ಎಲ್ಲರಿಗೂ ನಮಸ್ಕಾರ, ರಾಜಾಜಿನಗರದಿಂದ ಬರೆಯುತ್ತಿದ್ದೇನೆ. 50 ಮೀಟರ್ ಪ್ರೋನ್ (ಬೋರಲು ಮಲಗಿ ಹೊಡೆಯುವ) ಅಭ್ಯಾಸ ಮಾಡುತ್ತೇನೆ. ಲೈಸೆನ್ಸ್ ಇರುವ .22 ಎಲ್‌ಆರ್ (ಲಾಂಗ್ ರೈಫಲ್ ತೋಟಾ ಹಾಕುವ) ರೈಫಲ್, ಟ್ವಿಸ್ಟ್ 1:16, ಅಂದರೆ ಗುಂಡು 16 ಇಂಚಿಗೆ ಒಂದು ಸುತ್ತು ತಿರುಗುತ್ತದೆ. ಮಾಮೂಲಿ 40 ಗ್ರೇನ್‌ನಲ್ಲಿ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಗ್ರೂಪ್ ಚೆನ್ನಾಗಿತ್ತು, ತೂತುಗಳು ಒತ್ತೊತ್ತಾಗಿ ಬೀಳುತ್ತಿದ್ದವು. ಹೋದ ಭಾನುವಾರ ರೇಂಜ್‌ನಲ್ಲಿ 60 ಗ್ರೇನ್ ಸಬ್‌ಸಾನಿಕ್ (ಶಬ್ದಕ್ಕಿಂತ ಕಡಿಮೆ ವೇಗದ್ದು) ಹಾಕಿ ನೋಡಿದೆ, ಕಾಗದದ ಮೇಲೆ ದುಂಡಗಿನ ತೂತಿನ ಬದಲು ಉದ್ದುದ್ದ ತೂತು, ಗುಂಡು ಪಲ್ಟಿ ಹೊಡೆದು ಅಡ್ಡಡ್ಡ ಹೋಗಿ ಬಡಿದ ಹಾಗೆ.

ನನಗೆ ತಿಳಿದ ಮಟ್ಟಿಗೆ ಇಲ್ಲಿ ತೂಕಕ್ಕಿಂತ ಗುಂಡಿನ ಉದ್ದವೇ ಮುಖ್ಯ. ಅಡ್ಡಳತೆ ಅದೇ ಇರುವುದರಿಂದ ತೂಕ ಜಾಸ್ತಿಯಾದರೆ ಗುಂಡು ಉದ್ದವಾಗಲೇಬೇಕು, ಉದ್ದವಾದದ್ದು ನೆಟ್ಟಗೆ ಹೋಗಲು ಇನ್ನೂ ಜೋರಾಗಿ ತಿರುಗಬೇಕು, ಅಲ್ವಾ? ಎಷ್ಟು ಇಂಚಿಗೆ ಒಂದು ಸುತ್ತು ಬೇಕು ಎಂದು ಹೇಳುವ ಗ್ರೀನ್‌ಹಿಲ್ ಸೂತ್ರದಲ್ಲಿ (150 ಗುಣಿಸು ವ್ಯಾಸದ ವರ್ಗ, ಭಾಗಿಸು ಉದ್ದ, ಎಲ್ಲ ಇಂಚಿನಲ್ಲಿ) ಲೆಕ್ಕ ಹಾಕಿದರೆ 40 ಗ್ರೇನ್‌ಗೆ 16ರ ಹತ್ತಿರವೇ ಬರುತ್ತದೆ. 60ಕ್ಕೆ 1:9 ಬ್ಯಾರೆಲ್ ಬೇಕು ಎನ್ನುತ್ತಾರೆ.

ಅಥವಾ ಬ್ಯಾರೆಲ್ ತುದಿಯ ಕ್ರೌನ್ (ಗುಂಡು ಹೊರಬರುವ ಬಾಯಿಯ ಅಂಚು) ಕೆಟ್ಟಿರಬಹುದಾ? ಮತ್ತೆ 40 ಗ್ರೇನ್ ಹಾಕಿ ನೋಡಿದರೆ ಗೊತ್ತಾಗುತ್ತದೆ, ಆದರೆ ಸುಮ್ನೆ ಗುಂಡು ಹಾಳು ಮಾಡಲು ಮನಸ್ಸಿಲ್ಲ. 1:16ರಲ್ಲಿ 40ಕ್ಕಿಂತ ಸ್ವಲ್ಪ ಭಾರದ್ದು ಹೊಡೆದವರು ಯಾರಾದರೂ ಇದ್ದರೆ ಎಷ್ಟು ಗ್ರೇನ್‌ವರೆಗೆ ತೂತು ದುಂಡಗೆ ಬಂತು ಅಂತ ದಯವಿಟ್ಟು ತಿಳಿಸಿ.