ತಂಗಿ, ಶುಕ್ರವಾರದ ಮಳೆ ವಿಷಯ

ತಂಗಿ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ಫೋಟೋ ನೋಡಿದೆ. ಶುಕ್ರವಾರ ಟಿಕೋಟಾದಲ್ಲಿ ಮಳೆ 60 ಪರ್ಸೆಂಟ್ ಅಂತ ನಿನ್ನ ಫೋನ್ ತೋರಿಸ್ತಿದೆ, ಸೊಸೆಯ ಕುಬಸ, ಅಂದರೆ ಸೀಮಂತ, ಮುಂದಕ್ಕೆ ಹಾಕೋಣವಾ ಅಂತ ಕೇಳಿದ್ದೀಯ. ಬೇಡ, ಹಾಕೋದು ಬೇಡ. ದ್ರಾಕ್ಷಿ ಶೆಡ್‌ನಲ್ಲಿದ್ದೀನಿ, ಕೈಯೆಲ್ಲಾ ಅಂಟು, ಟೈಪ್ ಮಾಡೋಕಾಗಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದ್ದೀನಿ. ಉದ್ದ ಆದರೆ ಬೈಬೇಡ.

ಇವತ್ತು ಸೋಮವಾರ. ಬುಧವಾರದವರೆಗೆ ಮಳೆ ಮಾತೇ ಇಲ್ಲ, ಬರೀ ಬಿಸಿಲು, 40 ದಾಟುತ್ತೆ. ನಿನ್ನೆ ಮಧ್ಯಾಹ್ನ ಗಾಡಿ ಸೀಟಿನ ಮೇಲೆ ಕೂರೋಕಾಗದೆ ಗೋಣಿಚೀಲ ಹಾಸ್ಕೊಂಡು ಬಂದೆ. ಗುರುವಾರ, ಶುಕ್ರವಾರ ಹವಾಮಾನ ಇಲಾಖೆಯವರು ನಮ್ಮ ವಿಜಯಪುರ ಜಿಲ್ಲೆಗೆ ಹಳದಿ ಎಚ್ಚರಿಕೆ ಕೊಟ್ಟಿದ್ದಾರೆ. ಅಲ್ಲಲ್ಲಿ ಗುಡುಗು ಸಿಡಿಲು, ಜೋರು ಗಾಳಿ, ಹಗುರ ಮಳೆ. ಶನಿವಾರದಿಂದ ಮತ್ತೆ ಅದೇ ಬಿಸಿಲು.

ಈ 'ಅಲ್ಲಲ್ಲಿ' ಅನ್ನೋದನ್ನ ಅವರು ಸುಮ್ನೆ ಬರೆಯಲ್ಲ. ಮಳೆ ಅಳೆಯುವ ಜಾಗಗಳಲ್ಲಿ ನಾಲ್ಕರಲ್ಲಿ ಒಂದು, ಇಲ್ಲಾ ಅದಕ್ಕಿಂತ ಕಡಿಮೆ ಕಡೆ ಬಿದ್ದರೆ ಅದು ಅಲ್ಲಲ್ಲಿ. ಬಬಲೇಶ್ವರದಲ್ಲಿ ಹೊಡೆದು ಇಲ್ಲಿ ಒಂದು ಹನಿಯೂ ಬೀಳದೇ ಇರಬಹುದು, ಉಲ್ಟಾನೂ ಆಗಬಹುದು. ಏಪ್ರಿಲ್ ಮೋಡದ ಅಗಲವೇ ನಾಲ್ಕಾರು ಕಿಲೋಮೀಟರ್, ಅದು ಯಾರ ಹೊಲದ ಮೇಲೆ ಒಡೆಯುತ್ತೆ ಅಂತ ಸೋಮವಾರವೇ ನಿನ್ನ ಫೋನಿಗೆ ಹೇಗೆ ಗೊತ್ತಾಗಬೇಕು? ಇನ್ನೊಂದು, ಇಲಾಖೆಯವರ ಮುನ್ಸೂಚನೆಯ ದಿನ ಶುರುವಾಗೋದೇ ಬೆಳಿಗ್ಗೆ 8:30ಕ್ಕೆ. ಶನಿವಾರ ನಸುಕಿನಲ್ಲಿ ಬಿದ್ದರೂ ಅದು ಶುಕ್ರವಾರದ ಲೆಕ್ಕಕ್ಕೇ ಹೋಗುತ್ತೆ.

ಅದಕ್ಕೇ ನೀನು ಪರ್ಸೆಂಟ್ ಬಿಟ್ಟು ಹೊತ್ತು ನೋಡು. ಮುಂಗಾರಿಗೆ ಮುಂಚಿನ ಈ ಅಡ್ಡಮಳೆ ಬೆಳಿಗ್ಗೆ ಬರೋದು ಕಡಿಮೆ. ನೆಲ ದಿನವಿಡೀ ಕಾಯಬೇಕು, ಮೂರು ಗಂಟೆಗೆ ಮೋಡ ಕಟ್ಟಬೇಕು, ಒಡೆಯೋದು ನಾಲ್ಕರ ಮೇಲೆ. ಕುಬಸ ನಾವು ಇಟ್ಟಿರೋದು ಸರಿಯಾಗಿ ಸಂಜೆ ಐದಕ್ಕೆ, ಅದೂ ಮಾಳಿಗೆ ಮೇಲೆ ಶಾಮಿಯಾನ ಹಾಕಿ! ಮಳೆಗಿಂತ ನನಗೆ ಆ ಶಾಮಿಯಾನದ್ದೇ ಭಯ. ಬೆಳಿಗ್ಗೆ 11ಕ್ಕೆ ಕೆಳಗಿನ ಪಡಸಾಲೆಯಲ್ಲಿ ಮಾಡಿ, ಎರಡರೊಳಗೆ ಊಟ ಮುಗಿಸೋಣ. ಸೊಸೆಗೂ ಸಂಜೆವರೆಗೆ ಆ ಜರಿ ಸೀರೆ ಉಟ್ಟು ಬೆವರೋದು ತಪ್ಪುತ್ತೆ, ಅಲ್ವಾ?

ನನ್ನ ಚಿಂತೆ ಬೇರೆ. ಶೆಡ್‌ನಲ್ಲಿ ಒಣಗೋಕೆ ಹಾಕಿದ ಮಣೂಕ, ಅದೇ ಒಣದ್ರಾಕ್ಷಿ, ಇನ್ನೂ ಆರು ದಿನದ್ದು. ಒಣಗೋಕೆ ಇನ್ನೂ ಒಂಬತ್ತು-ಹತ್ತು ದಿನ ಬೇಕು. ನಮ್ಮ ಕಡೆ ಗಾಳಿ ಒಣ ಇರುತ್ತೆ ಅಂತಲೇ ಈ ಕೆಲಸ ಇಲ್ಲಿ ನಡೆಯೋದು. ಬರೀ ಮೋಡ ಕವಿದರೂ ಒಣಗೋದು ನಿಂತು ಕಾಯಿ ಬಣ್ಣ ಕೆಡುತ್ತೆ. ಹೋದ ವರ್ಷ ನೆನಪಿದೆಯಲ್ಲ? ಶೆಡ್ ಬದಿಗೆ ಪರದೆ ಕಟ್ಟಿಕೊಟ್ಟವನು ಹಳೇ ಬಟ್ಟೆಗೆ ಹೊಸ ದುಡ್ಡು ತಗೊಂಡಿದ್ದ, ಮೊದಲ ಗಾಳಿಗೇ ಹರಿಯಿತು. ಬಿದ್ದದ್ದು ಅರ್ಧ ಗಂಟೆ ಮಳೆ, ಆದರೆ ಓರೆಯಾಗಿ ಬಿತ್ತು. ಪಡುವಣ ಬದಿಯ ಕೆಳಗಿನ ಮೂರು ಜಾಳಿಗೆ, ಕಾಯಿ ಹರಡೋ ಬಲೆ, ನೆನೆದವು. ಬೆಳಿಗ್ಗೆ ಕೈ ಹಾಕಿದರೆ ಕಾಯಿ ಒಂದಕ್ಕೊಂದು ಅಂಟಿ ಮುದ್ದೆ, ಎರಡು ದಿನಕ್ಕೆ ಹುಣಸೆಹಣ್ಣಿನ ಬಣ್ಣ. ಹಸಿರು ಮಾಲಿಗೆ ಸಿಗೋ ರೇಟಿನ ಅರ್ಧವೂ ಅದಕ್ಕೆ ಸಿಗಲಿಲ್ಲ.

ಅವ್ವ ಬೆಳಿಗ್ಗೆಯಿಂದ 'ಅಶ್ವಿನಿ ಸಸ್ಯನಾಶಿನಿ' ಅಂತ ಶುರು ಮಾಡಿದ್ದಾಳೆ. ಈ ಅಶ್ವಿನಿ ನಕ್ಷತ್ರದ ಮಳೆ ಬೆಳೆಗೆ ಕೇಡು, ಬರೋದಿದ್ದರೆ 27ರ ಮೇಲೆ ಭರಣಿ ನಕ್ಷತ್ರ ಹುಟ್ಟಿದ ಮೇಲೆ ಬರಲಿ ಅಂತಾಳೆ. ಅಷ್ಟರೊಳಗೆ ಮಣೂಕ ಇಳಿಸಿರ್ತೀವಿ, ನನಗೂ ಅದೇ ಬೇಕು. ಮಳೆ ಮಾತ್ರ ಅವ್ವನ್ನ ಕೇಳಿ ಬರಲ್ಲ.

ನೀನು ಗುರುವಾರ ಹುಬ್ಬಳ್ಳಿಯಿಂದ ಬೆಳಗಿನ ಬಸ್ಸೇ ಹಿಡಿ, ಮಧ್ಯಾಹ್ನದೊಳಗೆ ವಿಜಯಪುರ ಮುಟ್ಟಬೇಕು, ಅಲ್ಲಿಂದ ತಮ್ಮ ಕರ್ಕೊಂಡು ಬರ್ತಾನೆ. ತಡವಾಗಿ ಬಂದು ಸಂಜೆ ಬೈಕ್ ಹತ್ತೋದು ಬೇಡ. ತಣ್ಣನೆ ಗಾಳಿ ಧೂಳೆಬ್ಬಿಸಿಕೊಂಡು ಬಂತು ಅಂದರೆ ಹತ್ತು ನಿಮಿಷವೂ ಟೈಮ್ ಸಿಗಲ್ಲ, ಆಗ ಗಿಡದ ಕೆಳಗಂತೂ ನಿಲ್ಲಲೇಬೇಡಿ. ಆ 'ದಾಮಿನಿ' ಆ್ಯಪ್ ಇಬ್ಬರೂ ಹಾಕ್ಕೊಳ್ಳಿ, ಹತ್ತಿರದಲ್ಲಿ ಸಿಡಿಲಿದ್ದರೆ ತಿಳಿಸುತ್ತೆ.

ಹಾಂ, ಬರುವಾಗ ದಪ್ಪನೆ ತಾಡಪತ್ರಿ, ಅದೇ ಟಾರ್ಪಾಲು, ಎರಡು ತಾ, ದುಡ್ಡು ಇಲ್ಲಿ ಕೊಡ್ತೀನಿ. ಹಸಿರು ಬಳೆ ಮರೆತರೂ ಇಲ್ಲಿ ಸಿಗುತ್ತವೆ, ತಾಡಪತ್ರಿ ಮರೀಬೇಡ.